ಕಾರಟಗಿಯ ಬಿಸಿಲು, ಜರ್ಮೇನಿಯಮ್ಮಿನ ಹದ

ಹಂಪೆಯನ್ನು ನೋಡಬಂದವರು ತುಂಗಭದ್ರೆಯನ್ನು ದಾಟಿ ಆನೆಗೊಂದಿಗೆ ಹೋಗುವುದುಂಟು. ಅವರಲ್ಲಿ ಹುರುಪಿನವರು 'ಕಣ್ಣಿದ್ದವರು ಕನಕಗಿರಿ ನೋಡಬೇಕು' ಎಂಬ ಗಾದೆಯನ್ನು ನೆನೆದು ಕನಕಗಿರಿಯವರೆಗೂ ಹೋಗಿಬರುತ್ತಾರೆ. ಕಾರಟಗಿಯನ್ನು ನೋಡುವುದಕ್ಕೆಂದೇ ಹೊರಡುವವರು ಮಾತ್ರ ವಿರಳ. ಅಲ್ಲಿಗೆ ಬರುವವರು ಅಕ್ಕಿಗಾಗಿ ಬರುತ್ತಾರೆ, ಭತ್ತಕ್ಕಾಗಿ ಬರುತ್ತಾರೆ, ನಂಟರ ಮದುವೆಗಾಗಿ ಬರುತ್ತಾರೆ. ಆದರೂ ಚೈತ್ರ ವೈಶಾಖಗಳ ನಡುಹಗಲಿನಲ್ಲಿ ಈ ಊರಿನ ಬೀದಿಯಲ್ಲಿ ಒಂದು ಗಳಿಗೆ ನಿಂತವನಿಗೆ ಬೇರೆಲ್ಲಿಯೂ ಸುಲಭವಾಗಿ ದೊರೆಯದ ಒಂದು ಪಾಠ ದೊರೆಯುತ್ತದೆ. ಅದು ಬಿಸಿಲಿನ ಪಾಠ. ಮತ್ತು ಆ ಬಿಸಿಲಿಗೆ ಹೆದರುವ, ಹೆಸರುಕಾಳಿಗಿಂತ ತುಸು ದೊಡ್ಡದಾದ ಒಂದು ವಸ್ತುವಿನ ಪಾಠ.

ಯಶವಂತಪುರದಲ್ಲಿ ರಾತ್ರಿಯ ರೈಲನ್ನು ಹತ್ತಿದವನು ಗಿಣಿಗೇರಾದಿಂದ ಹೊರಳುವ ಹೊಸ ಹಳಿಯ ಮೇಲೆ ಗಂಗಾವತಿಯನ್ನು ಹಾದು ಕಾರಟಗಿಗೆ ಬರುತ್ತಾನೆ. ಕೆಲವು ವರ್ಷ ಈ ಹಳಿ ಕಾರಟಗಿಯಲ್ಲಿಯೇ ಮುಗಿಯುತ್ತಿತ್ತು; ಈಗ ಸಿಂಧನೂರಿನವರೆಗೂ ಮುಂದುವರಿದಿದೆ. ಗಂಗಾವತಿಯ ಸುತ್ತ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಯ ಗುಡ್ಡಗಳು. ಅವು ಹಿಂದೆ ಸರಿಯುತ್ತಲೇ ನೆಲ ಅಂಗೈಯಂತೆ ಚಪ್ಪಟೆಯಾಗುತ್ತದೆ. ನೀರು ಬಿಟ್ಟ ಕಾಲದಲ್ಲಿ ಎತ್ತ ನೋಡಿದರೂ ಭತ್ತದ ಗದ್ದೆ. ಈ ಹಸುರು ಪ್ರಾಚೀನವಾದುದಲ್ಲ. ತುಂಗಭದ್ರಾ ಅಣೆಕಟ್ಟಿನ ಕೆಲಸ ಆರಂಭವಾದದ್ದು 1945ರಲ್ಲಿ. ಕಾಲುವೆಗೆ ನೀರು ಹರಿದದ್ದು 1953ರಲ್ಲಿ. ಅದಕ್ಕೆ ಮೊದಲು ಇದು ಮಳೆಯನ್ನೇ ನಂಬಿದ ಜೋಳದ ಸೀಮೆ. ಎಡದಂಡೆಯ ಕಾಲುವೆ ಬಂದ ಮೇಲೆ ಆಂಧ್ರದ ಕಡೆಯಿಂದ ಭತ್ತದ ಕೃಷಿ ಬಲ್ಲ ಕುಟುಂಬಗಳು ಬಂದು ನೆಲೆಸಿದವು. ಅವರ ಬೀಡುಗಳಿಗೆ ಇಂದಿಗೂ 'ಕ್ಯಾಂಪು' ಎಂದೇ ಹೆಸರು. ಭತ್ತದ ಹಿಂದೆ ಗಿರಣಿಗಳು ಬಂದವು. ಗಿರಣಿಗಳ ಹಿಂದೆ ಪೇಟೆ ಬೆಳೆಯಿತು.

ಕಾಲುವೆಯ ಸೀಮೆಯ ಜನರಿಗೆ ಎರಡು ಮಾತುಗಳ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು 'ತೂಬು', ಇನ್ನೊಂದು 'ಸೋರಿಕೆ'. ತೂಬನ್ನು ಹೆಚ್ಚು ಎತ್ತಿದರೆ ಗದ್ದೆ ಮುಳುಗುತ್ತದೆ; ಎತ್ತದಿದ್ದರೆ ಬಿರಿಯುತ್ತದೆ. ಮೇಲಿನವರು ಹೆಚ್ಚು ಎಳೆದುಕೊಂಡರೆ ಕಾಲುವೆಯ ಕೊನೆಯಂಚಿನ ರೈತನ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಇನ್ನು ಸೋರಿಕೆಯೆಂಬುದು ಕಣ್ಣಿಗೆ ಕಾಣದ ಶತ್ರು; ಯಾರೂ ಬಿಡದ ನೀರು ನೆಲದಡಿ ಹರಿದು, ಒಳ್ಳೆಯ ಎರೆಭೂಮಿಯನ್ನು ಜೌಳು ಮಾಡಿ, ಉಪ್ಪನ್ನು ಮೇಲೆ ತರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ ಈ ಸೀಮೆಯಲ್ಲಿ ನಿದ್ದೆ ಮಾಡಿದವರು ಕಡಿಮೆ. ಈ ಎರಡು ಮಾತುಗಳನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತವೆ.

ಈ ಊರಿನ ಒಂದು ಮನೆಯನ್ನೂ ಅಲ್ಲಿನ ಒಬ್ಬ ಹುಡುಗನನ್ನೂ ಈಗ ಕಲ್ಪಿಸಿಕೊಳ್ಳೋಣ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ರಜೆಗೆ ಊರಿಗೆ ಬಂದಿದ್ದಾನೆ. ಹೆಗಲಿನಲ್ಲಿ ಗಿಟಾರು, ಚೀಲದಲ್ಲಿ ತಾನೇ ಕಟ್ಟಿದ ಒಂದು ತಗಡಿನ ಪೆಟ್ಟಿಗೆ. ಜಾತ್ರೆಯ ರಾತ್ರಿ ಗೆಳೆಯರೊಡನೆ ರಸಮಂಜರಿಯಲ್ಲಿ ನುಡಿಸುವುದಾಗಿ ಒಪ್ಪಿಕೊಂಡಿದ್ದಾನೆ. ಪೆಟ್ಟಿಗೆಯ ಮೇಲಿನ ಗುಂಡಿಯನ್ನು ಕಾಲಿನಿಂದ ಒತ್ತಿದರೆ ಗಿಟಾರಿನ ತಿಳಿದನಿ ಒಡೆದು, ದಪ್ಪಗೆ, ಜೇನುಹುಳುಗಳ ಗುಂಪಿನಂತೆ ಮೊರೆಯುತ್ತದೆ. ಇದಕ್ಕೆ ಫಜ್ ಪೆಡಲು ಎನ್ನುತ್ತಾರೆ.

ಒಡೆದ ದನಿಯನ್ನು ಬೇಕೆಂದು ಮಾಡುವುದು ವಿಚಿತ್ರವೆಂದು ಹಿರಿಯರು ಹುಬ್ಬೇರಿಸಬಹುದು. ಆದರೆ ನಮ್ಮ ತಂಬೂರಿಯನ್ನು ನೆನೆಯಲಿ. ಕುದುರೆಯ ಮೇಲೆ, ತಂತಿಯಡಿಯಲ್ಲಿ, ಒಂದು ನೂಲಿನೆಳೆಯನ್ನು ಇಡುತ್ತಾರೆ. ಎಳೆಯಿಲ್ಲದ ತಂತಿ ಬರಿಯ ಠಂಕಾರ. ಎಳೆ ಸರಿಯಾದ ಜಾಗಕ್ಕೆ ಸರಿದಾಗ ತಂತಿ ಕುದುರೆಯನ್ನು ತೀಡಿ ತೀಡಿ, ಝೇಂಕಾರ ಅರಳಿ, ಒಂದು ಸ್ವರದೊಳಗಿಂದ ಹತ್ತು ಸ್ವರ ಹೊರಡುತ್ತವೆ. ಕೂದಲೆಳೆಯಷ್ಟು ಆಚೆ ಸರಿದರೆ ಅದೇ ತಂಬೂರಿ ಕರಕರ ಎನ್ನುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ನಾದವನ್ನು ಕೇಳಿ ಬೆಳೆದ ಈ ಭಾಗದ ಕಿವಿಗಳಿಗೆ ಝೇಂಕಾರವೆಂಬುದು ಪರದೇಶದ ಸರಕಲ್ಲ. ಪೆಡಲಿನಲ್ಲಿ ನೂಲಿನೆಳೆಯ ಕೆಲಸವನ್ನು ಟ್ರಾನ್ಸಿಸ್ಟರು ಮಾಡುತ್ತದೆ, ಅಷ್ಟೇ.

ಪಶ್ಚಿಮದಲ್ಲಿ ಈ ದನಿ ಹುಟ್ಟಿದ್ದು ಒಂದು ಕೆಟ್ಟ ಯಂತ್ರದಿಂದ. ಅಮೆರಿಕದ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡೊಂದರ ಮುದ್ರಣದಲ್ಲಿ ಉಪಕರಣ ಕೆಟ್ಟು ತಂತಿಯ ದನಿ ಒಡೆಯಿತು. ಕೇಳಿದವರು ಅದನ್ನೇ ಮೆಚ್ಚಿದರು. 1962ರಲ್ಲಿ ಗಿಬ್ಸನ್ ಕಂಪನಿ ಆ ಕೆಡುಕನ್ನು ಪೆಟ್ಟಿಗೆಯಲ್ಲಿ ಹಾಕಿ ಮಾರಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದವರು ಅದನ್ನು ಬಳಸಿದ ಮೇಲೆ ಅಂಗಡಿಗಳಲ್ಲಿ ಪೆಟ್ಟಿಗೆಗಳು ಉಳಿಯಲಿಲ್ಲ. ಮರುವರ್ಷ ಲಂಡನ್ನಿನ ಐವರ್ ಆರ್ಬಿಟರ್ ಹೊರತಂದ, ದುಂಡಗಿನ ತಟ್ಟೆಯಂಥ 'ಫಜ್ ಫೇಸ್' ಜಿಮಿ ಹೆಂಡ್ರಿಕ್ಸನ ಕಾಲಡಿಯಲ್ಲಿ ಜಗತ್ಪ್ರಸಿದ್ಧವಾಯಿತು. ಅದರೊಳಗೆ ಇದ್ದುದು ಎರಡೇ ಟ್ರಾನ್ಸಿಸ್ಟರು, ಬೆರಳೆಣಿಕೆಯ ಬಿಡಿಭಾಗಗಳು, ಒಂದು 9 ವೋಲ್ಟಿನ ಬ್ಯಾಟರಿ. ಹುಡುಗನ ಪೆಟ್ಟಿಗೆಯೂ ಅದೇ ನಕ್ಷೆಯದು.

ಆ ಎರಡು ಟ್ರಾನ್ಸಿಸ್ಟರುಗಳು ಸಿಲಿಕಾನಿನವಲ್ಲ, ಜರ್ಮೇನಿಯಮ್ಮಿನವು. ಜರ್ಮೇನಿಯಮ್ ಧಾತುವನ್ನು 1886ರಲ್ಲಿ ಕಂಡುಹಿಡಿದವನು ಜರ್ಮನಿಯ ಕ್ಲೆಮೆನ್ಸ್ ವಿಂಕ್ಲರ್. 1947ರ ಡಿಸೆಂಬರಿನಲ್ಲಿ ಬಾರ್ಡೀನ್ ಮತ್ತು ಬ್ರಾಟನ್ ಮಾಡಿದ ಮೊದಲ ಟ್ರಾನ್ಸಿಸ್ಟರು ಅದರದೇ. ಈ ಕಥೆಯಲ್ಲಿ ಕನ್ನಡನಾಡಿಗೂ ಪಾಲುಂಟು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ಕವಾಟಗಳನ್ನೂ 1962ರಲ್ಲಿ ಜರ್ಮೇನಿಯಮ್ ಸಾಧನಗಳನ್ನೂ ಮಾಡತೊಡಗಿತು. 'ಬಿ.ಇ.ಎಲ್.' ಎಂಬ ಅಚ್ಚು ಹೊತ್ತ ಎ.ಸಿ. 128 ಮೊದಲಾದ ಟ್ರಾನ್ಸಿಸ್ಟರುಗಳು ದೇಶದ ರೇಡಿಯೋಗಳೊಳಗೆ ಸೇರಿಕೊಂಡು ಹೊಲದ ಬದುವಿಗೂ ಎತ್ತಿನ ಗಾಡಿಗೂ ಬಂದವು. ಫಜ್ ಫೇಸಿನಲ್ಲಿ ಇಂಗ್ಲೆಂಡಿನವರು ಬಳಸಿದ ಟ್ರಾನ್ಸಿಸ್ಟರುಗಳಲ್ಲಿ ಇದೇ ಎ.ಸಿ. 128 ಒಂದು. ಧಾರವಾಡ ಆಕಾಶವಾಣಿಯ ಕೃಷಿಯ ಮಾತನ್ನೂ ಸಿಲೋನ್ ರೇಡಿಯೋದ ಹಾಡನ್ನೂ ನಮ್ಮ ಹಿರಿಯರಿಗೆ ತಲುಪಿಸಿದ ವಸ್ತುವೇ ಅಲ್ಲಿ ಹೆಂಡ್ರಿಕ್ಸನ ತಂತಿಯನ್ನು ಒಡೆಯಿತೆಂಬುದು ನೆನೆದಷ್ಟೂ ಸೋಜಿಗ.

ಆಮೇಲೆ ಸಿಲಿಕಾನ್ ಬಂದಿತು. ಜರ್ಮೇನಿಯಮ್ ಮೂಲೆ ಸೇರಿತು. ಇಂದು ಹಳೆಯ ದಾಸ್ತಾನನ್ನು ಹುಡುಕಬೇಕು, ಇಲ್ಲವೇ ಸತ್ತ ರೇಡಿಯೋಗಳನ್ನು ಬಿಚ್ಚಬೇಕು. ಬೇರೊಂದನ್ನು ಒರಸಿ, ಹೊಸ ಅಂಕಿ ಬರೆದು ಮಾರುವವರೂ ಇದ್ದಾರೆ. ಸಿಲಿಕಾನಿನದನ್ನೇ ಹಾಕಬಾರದೇಕೆ ಎಂದರೆ, ಹಾಕಬಹುದು. ಫಜ್ ಫೇಸ್ ಮಾಡಿದವರೂ ಅರವತ್ತರ ದಶಕದ ಕೊನೆಗೆ ಹಾಕಿದರು. ಅದರ ದನಿ ಚೂಪು. ಜರ್ಮೇನಿಯಮ್ಮಿನದು ಮೆತ್ತಗೆ, ಗಿಟಾರಿನ ಗುಂಡಿಯನ್ನು ತಗ್ಗಿಸಿದರೆ ತಾನೂ ತಿಳಿಯಾಗುವಂಥದು. ಹುಡುಗನಿಗೆ ಬೇಕಾದದ್ದು ಈ ಎರಡನೆಯದು. ಹಟಕ್ಕೆ ಬೆಲೆ ತೆರಬೇಕಾಗುತ್ತದೆ.

ಡಿಸೆಂಬರಿನ ಒಂದು ರಾತ್ರಿ ಬೆಂಗಳೂರಿನ ಕೋಣೆಯಲ್ಲಿ ಅವನ ಪೆಟ್ಟಿಗೆ ಸೊಗಸಾಗಿ ಮೊರೆದಿತ್ತು. ಕಾರಟಗಿಯ ಏಪ್ರಿಲ್ ಹಗಲಿನಲ್ಲಿ, ರಸ್ತೆಯ ಅಂಚಿನಲ್ಲಿ ಬೇಸಗೆಯ ಭತ್ತ ಒಣಗುತ್ತಿರುವಾಗ, ಪಡಸಾಲೆಯಲ್ಲಿ ಅದನ್ನು ಹೂಡಿ ತಂತಿ ಮೀಟಿದರೆ ಸ್ವರ ಮೊದಲು ತೊದಲಿತು, ಆಮೇಲೆ ಕತ್ತರಿಸಿದಂತೆ ನಿಂತಿತು. ತಂತಿ ಕಡಿದಿಲ್ಲ, ಬೆಸುಗೆ ಬಿಟ್ಟಿಲ್ಲ, ಬ್ಯಾಟರಿ ಹೊಸದು. ಜಾತ್ರೆಗೆ ಉಳಿದದ್ದು ಎರಡು ದಿನ.

ಕೆಟ್ಟದ್ದು ಏನೂ ಅಲ್ಲ, ಹದ. ಟ್ರಾನ್ಸಿಸ್ಟರಿಗೆ ಕೆಲಸವಿಲ್ಲದಾಗಲೂ ತುಸು ವಿದ್ಯುತ್ತು ಅದರಲ್ಲಿ ಹರಿಯುತ್ತಿರಬೇಕು. ಅರ್ಧ ಎತ್ತಿದ ತೂಬಿನಂತೆ. ಆಗ ತಂತಿಯ ಅಲೆ ಬಂದಾಗ ಹರಿವು ಏರುವುದಕ್ಕೂ ಇಳಿಯುವುದಕ್ಕೂ ಎಡೆಯಿರುತ್ತದೆ. ಈ ನಿಲುವನ್ನು ಇಂಗ್ಲಿಷಿನವರು 'ಬಯಾಸ್' ಎನ್ನುತ್ತಾರೆ. ನಿಘಂಟನ್ನು ತೆಗೆದರೆ 'ಪಕ್ಷಪಾತ' ಎಂದಿರುತ್ತದೆ, ಇಲ್ಲವೇ 'ಒಲವು'. ಎರಡೂ ಇಲ್ಲಿ ಹೊಂದುವುದಿಲ್ಲ. ಬಿತ್ತುವ ಮಣ್ಣಿಗೂ ಬೆಲ್ಲದ ಪಾಕಕ್ಕೂ ನಮ್ಮವರು ಬಳಸುವ 'ಹದ' ಎಂಬ ಮಾತೇ ಇದಕ್ಕೆ ತಕ್ಕದ್ದು. ಫಜ್ ಫೇಸಿನಲ್ಲಿ ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರ್ ಎಂಬ ಕಾಲಿನಲ್ಲಿ ಬ್ಯಾಟರಿಯ ಅರ್ಧದಷ್ಟು, ಎಂದರೆ ಸುಮಾರು 4.5 ವೋಲ್ಟು ಇದ್ದರೆ ಹದವೆಂದು ರೂಢಿ.

ಇನ್ನು ಸೋರಿಕೆ. ಜರ್ಮೇನಿಯಮ್ ಟ್ರಾನ್ಸಿಸ್ಟರಿನ ತೂಬನ್ನು ಪೂರ್ತಿ ಇಳಿಸಿದರೂ ಒಂದಿಷ್ಟು ವಿದ್ಯುತ್ತು ನುಸುಳುತ್ತಲೇ ಇರುತ್ತದೆ. ಶಾಖ 10 ಡಿಗ್ರಿ ಏರಿದರೆ ಈ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಮೊದಲನೆಯ ಟ್ರಾನ್ಸಿಸ್ಟರಿಗೆ ವಿದ್ಯುತ್ತು ಬರುವುದು 33,000 ಓಮಿನ ಒಂದು ರೆಸಿಸ್ಟರಿನ ಮೂಲಕ. 9 ವೋಲ್ಟಿನಲ್ಲಿ ಆ ದಾರಿಯಿಂದ ಬರಬಹುದಾದ ಹರಿವು 250 ಮೈಕ್ರೋ ಆಂಪಿಯರಿನ ಆಸುಪಾಸು. ಬೆಂಗಳೂರಿನ 22 ಡಿಗ್ರಿಯ ರಾತ್ರಿಯಲ್ಲಿ ಸೋರಿಕೆ 90 ಇದ್ದಿತೆಂದು ಇಟ್ಟುಕೊಂಡರೆ ಕೆಲಸಕ್ಕೆ 160 ಉಳಿಯುತ್ತದೆ. 32 ಡಿಗ್ರಿಯಲ್ಲಿ ಸೋರಿಕೆ 180, ಉಳಿದದ್ದು 70. ಕಾರಟಗಿಯ 42 ಡಿಗ್ರಿಯಲ್ಲಿ ಅದು 360 ಬೇಡುತ್ತದೆ, ಕಾಲುವೆಯಲ್ಲಿರುವುದೇ 250. ಮೇಲಿನವನ ಸೋರಿಕೆಯೇ ನೀರನ್ನೆಲ್ಲ ಕುಡಿಯಿತು. ಕೊನೆಯಂಚಿನವನಾದ ಎರಡನೆಯ ಟ್ರಾನ್ಸಿಸ್ಟರಿಗೆ ಹನಿಯೂ ಮುಟ್ಟಲಿಲ್ಲ. ಅದು ಮುಚ್ಚಿಕೊಂಡು ಕುಳಿತಿತು. ಮೀಟರಿನ ಮುಳ್ಳು 4.5ರ ಬದಲು 8ನ್ನು ದಾಟಿ ನಿಂತಿತು.

ಲಂಡನ್ನಿನ ಚಳಿಯಲ್ಲಿ ಬರೆದ ನಕ್ಷೆಯಲ್ಲಿ ಇಂಥ ಹಗಲಿಗೆ ಜಾಗವಿರಲಿಲ್ಲ. ನಕ್ಷೆ ತಪ್ಪಲ್ಲ, ಅದರ ಅಂಕಿಗಳು ಆ ಊರಿನವು. ಹುಡುಗ ಒಂದು ರಾತ್ರಿಯೆಲ್ಲ ಅದೇ ಅಂಕಿಗಳನ್ನು ಮತ್ತೆ ಮತ್ತೆ ಎಣಿಸಿ, ತನ್ನ ಕೈಗೆಲಸವನ್ನೇ ಹಳಿದುಕೊಂಡ. ಬೆಳಿಗ್ಗೆ ಅವನ ಕಣ್ಣು ಗೂಡಿನಲ್ಲಿದ್ದ ಅಜ್ಜನ ರೇಡಿಯೋದ ಮೇಲೆ ಬಿದ್ದಿತು.

"ಅಜ್ಜಾ, ಈ ರೇಡಿಯೋ ಬಿಚ್ಚಲೇನು? ಇದರಾಗ ಎರಡು ಟ್ರಾನ್ಸಿಸ್ಟರ್ ಅದಾವ, ನನಗ ಬೇಕು."

ಅಜ್ಜ ಕೂಡಲೇ ಒಪ್ಪಲಿಲ್ಲ. ಆ ರೇಡಿಯೋ ಮಾತು ನಿಲ್ಲಿಸಿ ಬಹಳ ವರ್ಷಗಳಾಗಿದ್ದರೂ ಅದರ ಚರ್ಮದ ಚೀಲವನ್ನು ಅವರು ಹಬ್ಬಕ್ಕೊಮ್ಮೆ ಒರಸಿಡುತ್ತಿದ್ದರು.

"ಮೊದಲನೇ ಭತ್ತದ ರೊಕ್ಕದಾಗ ನಮ್ಮಪ್ಪ ತಂದದ್ದಪ್ಪಾ ಅದು. ಬಿಚ್ಚಿದ್ರ ಮತ್ತ ಮಾತಾಡತೈತೇನು?"

"ರೇಡಿಯೋ ಮಾತಾಡೂದಿಲ್ಲಜ್ಜಾ. ಇದು ಮಾತಾಡತೈತಿ," ಎಂದು ಹುಡುಗ ಪೆಟ್ಟಿಗೆಯನ್ನು ತೋರಿಸಿದ.

ಬಿಚ್ಚುವ ಕೆಲಸವೇ ಒಂದು ಗಂಡಾಂತರ. ಬೆಸುಗೆಯ ಕಡ್ಡಿಯ ಬಿಸಿ ಕಾಲುಗಳ ಮೂಲಕ ಏರಿದರೆ ಅರವತ್ತು ವರ್ಷ ಬದುಕಿದ ಜರ್ಮೇನಿಯಮ್ ಕೆಲವು ಕ್ಷಣಗಳಲ್ಲಿ ಸಾಯಬಹುದು. ಬಲ್ಲವರು ಪ್ರತಿಯೊಂದು ಕಾಲಿಗೂ ಚಿಮುಟದಂಥ ಹಿಡಿಕೆಯನ್ನು ಕಚ್ಚಿಸುತ್ತಾರೆ. ಬಿಸಿಯನ್ನು ಅದು ಹೀರಿಕೊಳ್ಳುತ್ತದೆ. ಹೊಸ ಮನೆಯಲ್ಲಿ ಕೂರಿಸುವಾಗ ಬೆಸುಗೆಯೇ ಬೇಡವೆಂದು ಸಣ್ಣ ಸಾಕೆಟ್ಟನ್ನು ಬಳಸುವುದು ಇನ್ನೂ ಲೇಸು. ಹುಡುಗ ಮಂಚದ ಮೇಲೆ ಬಿಳಿಯ ಬಟ್ಟೆ ಹಾಸಿ, ಉಸಿರು ಬಿಗಿಹಿಡಿದು ಎರಡನ್ನೂ ಇಳಿಸಿಕೊಂಡ.

ಅಳೆಯುವ ಉಪಾಯ ಸರಳವಾದುದು. ಅಮೆರಿಕದ ಆರ್. ಜಿ. ಕೀನ್ ಎಂಬವರು ಅದನ್ನು ಎಲ್ಲರಿಗೂ ತಿಳಿಸಿಕೊಟ್ಟು ಪುಣ್ಯ ಕಟ್ಟಿಕೊಂಡಿದ್ದಾರೆ. ಒಂದು 9 ವೋಲ್ಟಿನ ಬ್ಯಾಟರಿ. ಕಲೆಕ್ಟರಿನ ದಾರಿಯಲ್ಲಿ 2,472 ಓಮು. ಬೇಸ್ ಎಂಬ ಕಾಲಿಗೆ ಬೇಕಾದಾಗ ಮುಟ್ಟಿಸಲು 22 ಲಕ್ಷ ಓಮಿನ ಇನ್ನೊಂದು ರೆಸಿಸ್ಟರು. ಮೊದಲು ಬೇಸನ್ನು ಬಿಟ್ಟು, 2,472 ಓಮಿನ ಎರಡು ತುದಿಗಳ ನಡುವೆ ಮೀಟರನ್ನು ನೋಡಬೇಕು. ಅಲ್ಲಿ ಕಾಣುವುದೆಲ್ಲ ಸೋರಿಕೆ. ಆಮೇಲೆ ಬೇಸಿಗೆ ಮುಟ್ಟಿಸಿದರೆ ಸುಮಾರು 4 ಮೈಕ್ರೋ ಆಂಪಿಯರು ಒಳಹೋಗಿ, ಮುಳ್ಳು ಏರುತ್ತದೆ. ಏರಿದ ಅಂತರವನ್ನು ನೂರರಿಂದ ಗುಣಿಸಿದರೆ ಟ್ರಾನ್ಸಿಸ್ಟರು ಎಷ್ಟು ಮಡಿ ಹೆಚ್ಚಿಸುತ್ತದೆಂಬುದು ತಿಳಿಯುತ್ತದೆ. ಸಾಮಾನ್ಯ ಮೀಟರುಗಳು ಸೋರಿಕೆಯನ್ನೂ ಸಾಮರ್ಥ್ಯವೆಂದೇ ಎಣಿಸಿ ಮೋಸಮಾಡುತ್ತವೆ. ಇಲ್ಲಿ ಎರಡೂ ಬೇರೆಯಾಗುತ್ತವೆ. ಒಂದೇ ಎಚ್ಚರ: ಬೆರಳಿನಿಂದ ಹಿಡಿದ ಟ್ರಾನ್ಸಿಸ್ಟರು ಬೆರಳಿನ ಕಾವಿಗೇ ಸೋರುತ್ತದೆ. ಕೈಬಿಟ್ಟು, ಒಂದೆರಡು ನಿಮಿಷ ತಾಳ್ಮೆಯಿಂದ ಕಾಯಬೇಕು.

ಹುಡುಗ ಅಳೆದದ್ದು ಉರಿಬಿಸಿಲಿನ ಹೊತ್ತಿನಲ್ಲಿ, ಬೇಕೆಂದೇ. ತಂಪಿನಲ್ಲಿ ಅಳೆದರೆ ಎಲ್ಲವೂ ಸಜ್ಜನರೇ. ಪೆಟ್ಟಿಗೆಯಲ್ಲಿದ್ದ ಮೊದಲನೆಯ ಟ್ರಾನ್ಸಿಸ್ಟರು ಬೇಸನ್ನು ಮುಟ್ಟದೆಯೇ 0.89 ವೋಲ್ಟು ತೋರಿಸಿತು. ಅದೇ ಆ 360 ಮೈಕ್ರೋ ಆಂಪಿಯರು. ರೇಡಿಯೋದ ಎರಡರಲ್ಲಿ ಒಂದು ಅದಕ್ಕಿಂತಲೂ ಸೋರುತ್ತಿತ್ತು. ಇನ್ನೊಂದು ಬೇಸಿಲ್ಲದೆ 0.3 ವೋಲ್ಟು, ಬೇಸು ಮುಟ್ಟಿಸಿದಾಗ 1.1. ಸೋರಿಕೆ ಸುಮಾರು 120. ಹೆಚ್ಚಿಸುವ ಬಲ 80 ಮಡಿ. ಮೊದಲನೆಯ ಸ್ಥಾನಕ್ಕೆ 70-80 ಮಡಿಯದು, ಎರಡನೆಯದಕ್ಕೆ 110-130 ಮಡಿಯದು ಒಪ್ಪುತ್ತದೆಂದು ಕಟ್ಟಿ ಪಳಗಿದವರ ಅಭಿಪ್ರಾಯ. ಮೊದಲಿನ ಸ್ಥಾನದಲ್ಲಿ ಸೋರಿಕೆ ಕಡಿಮೆಯಿರುವುದೇ ಎಲ್ಲಕ್ಕಿಂತ ಮುಖ್ಯ. ಅಲ್ಲಿ ಸೋರಿದ್ದು ಕೆಳಗಿನವನನ್ನು ಒಣಗಿಸುತ್ತದೆ.

ಅಜ್ಜನ ಟ್ರಾನ್ಸಿಸ್ಟರು ಆ ಸ್ಥಾನದಲ್ಲಿ ಕುಳಿತಿತು. ಈಗ 250ರಲ್ಲಿ 130 ಉಳಿಯಿತು. ಕೊನೆಯಂಚಿಗೆ ನೀರು ಮುಟ್ಟಿತು. ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ ನಕ್ಷೆ ಹೇಳುವ 8,200 ಓಮಿನ ಬದಲು, ತಿರುಗಿಸಿದಂತೆ ಏರಿಳಿಯುವ 20,000 ಓಮಿನದನ್ನು ಹಾಕಿದ. ಇದು ಹದದ ತೂಬು. ಹಲವರು ಇದನ್ನು ಪೆಟ್ಟಿಗೆಯ ಒಳಗೆ, ತಿರುಪುಳಿಯಿಂದ ತಿರುಗಿಸುವಂತೆ ಇಟ್ಟು ಮುಚ್ಚಿಬಿಡುತ್ತಾರೆ. ವರ್ಷವೆಲ್ಲ ಒಂದೇ ಹವೆಯಿರುವ ಊರಿಗೆ ಅದು ಸರಿ. ಹಗಲು 42, ನಡುರಾತ್ರಿ 28 ಇರುವ ಊರಿಗೆ ಅದನ್ನು ರೇಡಿಯೋದ ಕಿವಿಯಂತೆ ಹೊರಗೇ ಇಡುವುದು ವಿವೇಕ. ಹುಡುಗ ತಗಡಿಗೆ ಇನ್ನೊಂದು ರಂಧ್ರ ಕೊರೆದ. ಕೈಯಲ್ಲಿದ್ದ ಕಿವಿಗಳೆಲ್ಲ ಚಿಕ್ಕವಾದದ್ದರಿಂದ ಅಜ್ಜನ ರೇಡಿಯೋದ ಕಿವಿಯನ್ನೇ ಕೂರಿಸಿದ.

ಜಾತ್ರೆಯ ದಿನ ಹೊತ್ತು ಮುಳುಗಿತು. ಗಿರಣಿಗಳ ಕಡೆಯಿಂದ ಬೆಂದ ಭತ್ತದ ವಾಸನೆ. ಗದ್ದೆಯ ಕಡೆಯಿಂದ ತುಸು ತಂಗಾಳಿ. ಮಧ್ಯಾಹ್ನ 4.5ಕ್ಕೆ ನಿಲ್ಲಿಸಿದ್ದ ಮುಳ್ಳು ಈಗ 3.6ರಲ್ಲಿತ್ತು, ಸೋರಿಕೆ ಇಳಿದು, ಎರಡನೆಯ ಟ್ರಾನ್ಸಿಸ್ಟರಿಗೆ ನೀರು ಹೆಚ್ಚಾಗಿತ್ತು. ದನಿ ದಪ್ಪಗೆ, ಮಬ್ಬಾಗಿ ಬಂದಿತು. ಅಜ್ಜ ಕಟ್ಟೆಯ ಮೇಲೆ ಕುಳಿತಿದ್ದರು. ಪ್ರಾಯದಲ್ಲಿ ಭಜನೆಯ ಮೇಳದಲ್ಲಿ ತಂಬೂರಿ ಹಿಡಿದವರು. ವೋಲ್ಟಿನ ಸುದ್ದಿ ಅವರಿಗೆ ತಿಳಿಯದು. ಗಿರಣಿಯವರು ಮೀಟರು ಬರುವ ಮೊದಲು ಭತ್ತದ ಕಾಳನ್ನು ಹಲ್ಲಿನಡಿ ಕಚ್ಚಿ ಒಣಗಿದೆಯೇ ಇಲ್ಲವೇ ಹೇಳುತ್ತಿದ್ದರಲ್ಲ, ಅಂಥ ವಿದ್ಯೆ ಅವರ ಕಿವಿಯದು.

"ಎಳಿ ಸರಿದೈತಿ ನೋಡು," ಎಂದರು. "ಸ್ವಲ್ಪ ತಿರುವು. ಇನ್ನೊಂದೀಟು. ... ಸಾಕ್ ಸಾಕು, ಅಲ್ಲೇ ಬಿಡು."

ಹುಡುಗ ಮೀಟರನ್ನು ನೋಡಿದ. ಮುಳ್ಳು 4.8ರಲ್ಲಿತ್ತು. ಪುಸ್ತಕದ ಅಂಕಿಗೆ ತರಲೆಂದು ಕೈ ಮುಂದಾಯಿತು. ತಡೆದು, ತಂತಿ ಮೀಟಿದ. ನಾದ ಅರಳಿ, ಬೀದಿಯ ತುದಿಯವರೆಗೂ ಹೋಗಿ, ತಾನಾಗಿಯೇ ಆರುವವರೆಗೆ ನಿಂತಿತು. ಅವನು ಮೀಟರಿನ ತಂತಿಗಳನ್ನು ಬಿಚ್ಚಿ ಚೀಲದಲ್ಲಿಟ್ಟುಕೊಂಡು, ತಗಡಿನ ಮುಚ್ಚಳಕ್ಕೆ ತಿರುಪು ಬಿಗಿಯತೊಡಗಿದ.